ನೆವಿಲ್ ಬಾಯಿಗೆ ಹಿಡಿದ ವಸ್ತು

ಮುಲ್ಲಬಾರ್ ಊರಿಗೆ ಆ ಕ್ಯಾಮೆರಾ ಬರಲೇಬೇಕೆಂದು ಹಟ ಹಿಡಿದವನು ಬೇರೆ ಯಾರೂ ಅಲ್ಲ, ನೆವಿಲ್ ಸ್ಟಬಿಂಗ್ಸ್. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ಮುಂದೆ ಊರೆಲ್ಲ ಇದನ್ನು ಮರೆತುಬಿಡಲಿ ಎಂದು ಅವನೇ ಬಹಳ ಶ್ರಮಪಟ್ಟ.

ನೆವಿಲ್ ಊರಿನ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷ. ಆ ಕುರ್ಚಿಗೆ ಬೇರೆ ಯಾರೂ ಆಸೆಪಟ್ಟಿರಲಿಲ್ಲ ಎನ್ನುವುದು ನಿಜ. ಆದರೆ ಕುಳಿತ ಮೇಲೆ ಅವನ ಬೆನ್ನು ನೆಟ್ಟಗಾಯಿತು, ಕೆಮ್ಮಿಗೂ ಒಂದು ಗತ್ತು ಬಂತು. ಅವನು ಬರೆದು ಬರೆದು ಕೊಟ್ಟ ಕಾಟ ತಾಳಲಾರದೆ ಸಿಡ್ನಿಯ ಅಧಿಕಾರಿಗಳು ಒಂದು ಬೆಳಿಗ್ಗೆ ಟ್ಯಾಲೋವಿ ರಸ್ತೆಯ ಬದಿಗೆ ಒಂದು ಗಾಡಿಯನ್ನು ಎಳೆದು ತಂದು ನಿಲ್ಲಿಸಿದರು. ಗಾಡಿಯ ಮೇಲೆ ಕಂಬ, ಕಂಬದ ಮೇಲೆ ಕ್ಯಾಮೆರಾ. ಉದ್ಘಾಟನೆಗೆಂದು ಸಮಿತಿಯವರು ರಸ್ತೆಬದಿಯಲ್ಲೇ ಒಲೆ ಹಚ್ಚಿ ಸಾಸೇಜ್ ಸುಟ್ಟರು. ನೆವಿಲ್ ಬಿಯರ್ ತುಂಬಿದ ಐಸ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಭಾಷಣ ಮಾಡಿದ.

"ಇದು ವೇಗ ಅಳೆಯೋ ಕ್ಯಾಮೆರಾ ಅಲ್ಲ. ಮೇಲಿಂದ ಕಾರಿನ ಗಾಜಿನೊಳಗೇ ಇಣುಕತ್ತೆ. ಬೆಲ್ಟ್ ಹಾಕಿದೀಯಾ, ಕೈಯಲ್ಲಿ ಫೋನ್ ಇದೆಯಾ, ಎಲ್ಲಾ ನೋಡತ್ತೆ. ಲಕ್ಷಗಟ್ಟಲೆ ಫೋಟೋ ತೋರಿಸಿ ಅದಕ್ಕೆ ಪಾಠ ಹೇಳಿಕೊಟ್ಟಿದಾರೆ. ಫೋನ್ ಅಂದ್ರೆ ಏನು ಅಂತ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು!"

"ನಿನಗಿಂತ ಅನ್ನು," ಎಂದ ಅವನ ಬಾಮೈದ ಬ್ರಾಮ್, ಸಾಸೇಜ್ ತಿರುವಿ ಹಾಕುತ್ತ. "ಮೊನ್ನೆ ಟಿವಿ ರಿಮೋಟ್ ಹಿಡ್ಕೊಂಡು ಹಲೋ ಹಲೋ ಅಂತಿದ್ದೋನು ಯಾರು?"

"ತಪ್ಪು ಮಾಡದೋನು ಯಾಕೆ ಹೆದರಬೇಕು?" ಎಂದು ನೆವಿಲ್ ಆಕಾಶಕ್ಕೆ ಕೇಳಿದ. ಆಕಾಶ ಸುಮ್ಮನಿತ್ತು. ಸಾಸೇಜ್ ಬೆಂದಿದ್ದರಿಂದ ಜನ ಚಪ್ಪಾಳೆ ತಟ್ಟಿದರು.

ಆ ಭಾಷಣ ಕೇಳಿ ನಿಜವಾಗಿ ಹೆಮ್ಮೆಪಟ್ಟವಳು ಅವನ ಹೆಂಡತಿ ಕೊರಾಲಿ ಒಬ್ಬಳೇ. ಊರಿನ ಬೇಕರಿ ಅವಳದು. ಅದಕ್ಕೂ ಮುಂಚೆ ಅವಳಪ್ಪ ಹೊರೇಸನದು. ಹೊರೇಸ್ ಸತ್ತು ಮಣ್ಣಾದರೂ ಅವನ ಪೈ ಮಾತ್ರ ಒಂದು ಚಿಟಿಕೆ ಹೆಚ್ಚುಕಡಿಮೆಯಿಲ್ಲದೆ ಉಳಿದಿತ್ತು: ದುಂಡನೆಯ ಹಿಟ್ಟಿನ ಬಟ್ಟಲು, ಒಳಗೆ ದನದ ಮಾಂಸದ ಗೊಜ್ಜು, ಮೇಲೊಂದು ಮುಚ್ಚಳ. ಕಚ್ಚಿದ ಕೂಡಲೇ ಗೊಜ್ಜು ಮೊಣಕೈವರೆಗೂ ಇಳಿಯುತ್ತಿತ್ತು. ಇಳಿಯಬೇಕಾದದ್ದೇ ಹಾಗೆ, ಪೈ ಎಂದರೆ ಹಾಗೆ, ಎಂದು ಊರವರು ಬಹುಕಾಲದಿಂದ ಅಂಗಿ ತೊಳೆದುಕೊಂಡು ಬಂದಿದ್ದರು. ಜಿಲ್ಲೆಯ ಪ್ರದರ್ಶನದಲ್ಲಿ ಉತ್ತಮ ಪೈಗೆ ಕೊಡುವ ನೀಲಿ ರಿಬ್ಬನ್ನು ವರ್ಷವರ್ಷವೂ ಇದೇ ಬೇಕರಿಯ ಗೋಡೆಗೆ ಬರುತ್ತಿತ್ತು.

ಆಮೇಲೆ ಪಕ್ಕದ ಟ್ಯಾಲೋವಿಯಲ್ಲಿ ವಿಯೆಟ್ನಾಮಿನ ಲಿಯೆನ್ ಎಂಬಾಕೆ, ಗಂಡನ ಜೊತೆ ಬಂದು ಬೇಕರಿ ಹಾಕಿದಳು. ತಟ್ಟೆಯಲ್ಲಿ ಜಾಗ ಉಳಿಯುತ್ತದೆಂದು ಪೈಯನ್ನು ಚೌಕವಾಗಿ ಮಾಡಿದಳು. ಆ ವರ್ಷ ರಿಬ್ಬನ್ನು ಟ್ಯಾಲೋವಿಗೆ ಹೋಯಿತು. ಮಾರನೆಯ ವರ್ಷವೂ ಅಲ್ಲೇ ಉಳಿಯಿತು. ಅಂದಿನಿಂದ ಕೊರಾಲಿಯ ಮನೆಯಲ್ಲಿ ಟ್ಯಾಲೋವಿ ಎನ್ನುವಂತಿಲ್ಲ, 'ಆ ಕಡೆ' ಎನ್ನಬೇಕು. ಆ ಕಡೆಯ ಪೈಯನ್ನು ಮುಲ್ಲಬಾರಿನ ಒಬ್ಬರೂ ಮುಟ್ಟಿಲ್ಲ ಎಂಬ ನಂಬಿಕೆಯ ಮೇಲೆ ಅವಳ ಜೀವನ ನಿಂತಿತ್ತು.

ಈಸ್ಟರ್ ಶನಿವಾರ ನೆವಿಲ್, "ಮಾವನ ಗೋರಿ ಹತ್ರ ಕಳೆ ಬೆಳೆದಿದೆ, ಕಿತ್ತು ಬರ್ತೀನಿ," ಎಂದು ಹೇಳಿ ಹೊರಟ. ಕಳೆ ಕಿತ್ತದ್ದೂ ನಿಜ. ಸ್ಮಶಾನ ಇದ್ದದ್ದು ಟ್ಯಾಲೋವಿ ರಸ್ತೆಯಲ್ಲಿ. ವಾಪಸು ಹೊರಡುವಾಗ ಕಾರು ಮನೆಯ ಕಡೆ ತಿರುಗುವುದರ ಬದಲು ಇನ್ನೊಂದು ಕಡೆ ತಿರುಗಿತು. ಕಾರು ತಿರುಗಿತು ಎಂದೇ ಅವನು ತನಗೆ ತಾನೇ ಹೇಳಿಕೊಂಡ. ಮರಳಿ ಬರುವಾಗ ಅವನ ಒಂದು ಕೈ ಸ್ಟೀರಿಂಗ್ ಮೇಲಿತ್ತು, ಇನ್ನೊಂದರಲ್ಲಿ ಬಿಸಿಬಿಸಿಯಾದ ಚೌಕದ ಪೈ ಇತ್ತು. ದಾರಿಯಲ್ಲಿ ತಾನೇ ತರಿಸಿದ ಕ್ಯಾಮೆರಾ ಇದೆಯೆಂದು ಅವನು ಮರೆತಿರಲಿಲ್ಲ. ಕೈಯಲ್ಲಿ ಫೋನಿಲ್ಲವಲ್ಲ, ಭಯ ಯಾತಕ್ಕೆ? ಪೈಯನ್ನು ಬಾಯ ಹತ್ತಿರ ಹಿಡಿದುಕೊಂಡೇ, ಅಧ್ಯಕ್ಷನಿಗೆ ತಕ್ಕಂತೆ, ಕ್ಯಾಮೆರಾದ ಕಡೆ ನೋಡಿ ತಲೆಯಾಡಿಸಿ ಮುಂದೆ ಹೋದ.

ಲಕ್ಷಗಟ್ಟಲೆ ಫೋಟೋ ತೋರಿಸಿ ಪಾಠ ಹೇಳಿದವರು ಆ ಯಂತ್ರಕ್ಕೆ ಚೌಕದ ಪೈ ಒಂದನ್ನು ತೋರಿಸಿರಲಿಲ್ಲ.

ಕಾರು ಬೇಕರಿಯ ಹೆಸರಿನಲ್ಲಿದ್ದುದರಿಂದ ದಂಡದ ನೋಟೀಸು ಕೊರಾಲಿಯ ಕೈಗೆ ಬಂತು. ಅವಳು ಅಂಗಡಿಯ ಕಂಪ್ಯೂಟರಿನಲ್ಲಿ ಕ್ಯಾಮೆರಾದ ಚಿತ್ರ ತೆರೆದಳು. ಆಗ ಅಂಗಡಿಯಲ್ಲಿ ಬ್ರಾಮ್ ಇದ್ದ, ಪಕ್ಕದ ಮನೆಯ ಐಲೀನ್ ಇದ್ದಳು. ಐಲೀನ್ ಎಲ್ಲಿದ್ದರೂ ಊರೇ ಅಲ್ಲಿದ್ದಂತೆ. ಹಿಟ್ಟಿನ ಚೀಲ ಹೊತ್ತು ಒಳಗೆ ಬಂದ ನೆವಿಲ್‌ಗೆ ಕಂಡದ್ದು ಮೂರು ಬೆನ್ನುಗಳು, ಅವುಗಳ ನಡುವೆ ಪರದೆಯ ಮೇಲೆ ಕಪ್ಪು ಬಿಳುಪಿನ ತಾನು: ಮೇಲಿಂದ ತೆಗೆದ ಬೋಳುತಲೆ, ಬೆಲ್ಟಿನ ಎರಡೂ ಕಡೆ ಹಂಚಿಹೋದ ಹೊಟ್ಟೆ, ಬಾಯ ಮುಂದೆ ಒಂದು ಕಪ್ಪು ಚೌಕ.

"ಫೋನು," ಎಂದಳು ಐಲೀನ್.

"ಫೋನೇ," ಎಂದ ಬ್ರಾಮ್. "ನಗ್ತಾ ಬೇರೆ ಇದಾನೆ ನೋಡು."

ಕೊರಾಲಿ ತಿರುಗಿದಳು. "ನೆವಿಲ್, ಏನಿದು?"

ಹಿಟ್ಟಿನ ಚೀಲದ ಹಿಂದೆ ನೆವಿಲ್ ಲೆಕ್ಕ ಹಾಕಿದ. ಪೈ ಎಂದರೆ, 'ನಮ್ಮ ಪೈ ದುಂಡಗಲ್ವಾ?' ಎನ್ನುತ್ತಾಳೆ. ಈ ಸೀಮೆಯಲ್ಲಿ ಚೌಕದ ಪೈ ಸಿಗುವ ಜಾಗ ಒಂದೇ. ಅದರ ಮುಂದೆ ಫೋನ್ ಎಷ್ಟೋ ಮರ್ಯಾದೆಯ ವಸ್ತು.

"ಫೋನು," ಎಂದ ಅವನು.

"ಯಾರ ಜೊತೆ?"

"ಯಾರೋ ಒಬ್ಬರು."

"ಅಯ್ಯೋ ಪಾಪ," ಎಂದಳು ಐಲೀನ್, ಕೊರಾಲಿಯ ಭುಜದ ಮೇಲೆ ಕೈಯಿಟ್ಟು. ಸಂಜೆಯ ಹೊತ್ತಿಗೆ ಆ 'ಯಾರೋ ಒಬ್ಬರು' ಕೆಂಪು ಕೂದಲಿನವಳೆಂದೂ, ಕುದುರೆ ಸವಾರಿ ಮಾಡುವವಳೆಂದೂ ಊರಿಗೆ ತಿಳಿದುಹೋಗಿತ್ತು. ಬೌಲಿಂಗ್ ಕ್ಲಬ್ಬಿನಲ್ಲಿ ಗೆಳೆಯರು ನೆವಿಲ್‌ನ ಬೆನ್ನು ತಟ್ಟಿದರು. "ಈ ಹೊಟ್ಟೆ ಇಟ್ಕೊಂಡು ಹೇಗೆ ಸಾಧಿಸಿದೆ ಮಾರಾಯ?" ಎಂದು ಒಬ್ಬ ನಿಜವಾದ ಕುತೂಹಲದಿಂದ ಕೇಳಿದ. ನೆವಿಲ್ ತಲೆ ತಗ್ಗಿಸಿ ಬಿಯರ್ ನೊರೆಯನ್ನು ನೋಡುತ್ತ ಕುಳಿತ. ತಪ್ಪಿತಸ್ಥನ ಮುಖವಂತೂ ಅವನಿಗೆ ಇದ್ದೇ ಇತ್ತು. ತಪ್ಪು ಮಾತ್ರ ಬೇರೆ.

ಅವಮಾನ ಇಲ್ಲಿಗೇ ನಿಂತಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಮಾರನೆಯ ಬೆಳಿಗ್ಗೆ ಕೊರಾಲಿ ಹಿಟ್ಟು ಮೆತ್ತಿದ ಕೈಯಲ್ಲೇ ಮಲಗುವ ಕೋಣೆಗೆ ನುಗ್ಗಿದಳು. ಅವಳ ಮುಖ ಬೆಳಗುತ್ತಿತ್ತು.

"ಎದ್ದೇಳೋ ದಡ್ಡ! ಶನಿವಾರ ನಿನ್ನ ಫೋನು ಅಂಗಡೀಲೇ ಇತ್ತು! ಅದರಿಂದ್ಲೇ ನಾನು ಮೊಟ್ಟೆಯೋನಿಗೆ ಫೋನ್ ಮಾಡಿದ್ದು! ನಿನ್ನ ಕೈಯಲ್ಲಿ ಇದ್ದಿದ್ದು ಫೋನೇ ಅಲ್ಲ!"

"ಫೋನೇ ಕಣೆ," ಎಂದ ನೆವಿಲ್ ದೈನ್ಯದಿಂದ.

"ಯಾರದು?"

"ದಾರೀಲಿ ಸಿಕ್ತು."

"ಸುಳ್ಳು ಹೇಳೋಕೂ ಬರಲ್ಲ ನಿನಗೆ, ಪಾಪ." ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತಳು. ದನಿ ಮೆತ್ತಗಾಯಿತು. "ನೀನು ಬರ್ತಾ ಇದ್ದಿದ್ದು ಅಪ್ಪನ ಗೋರಿಯಿಂದ. ಬಾಯಿ ಹತ್ರ ಹಿಡಿದಿದ್ದು ಚಪ್ಪಟೆಯಾಗಿ, ಚೌಕಾಗಿದೆ. ನೆವಿಲ್... ಅದು ಅಪ್ಪ ಬಾರಿಸ್ತಿದ್ದ ಮೌತ್ ಆರ್ಗನ್ ಅಲ್ವಾ?"

ನೆವಿಲ್‌ನ ತಲೆ ತಾನಾಗಿಯೇ ಮೇಲೆ ಕೆಳಗೆ ಆಡಿತು.

"ಅಪ್ಪನಿಗೆ ಬಾರಿಸಿ ಬಂದ್ಯಾ? ಅಲ್ಲಿ ಒಬ್ಬನೇ ಕೂತ್ಕೊಂಡು? ನನಗೆ ಹೇಳೋಕೆ ನಾಚಿಕೆ ಆಯ್ತಾ?" ಕೊರಾಲಿ ಅಳತೊಡಗಿದಳು. ಅವನ ಬೋಳುತಲೆಗೆ ಹಿಟ್ಟು ಮೆತ್ತುವಂತೆ ತಬ್ಬಿಕೊಂಡಳು. ಅಲ್ಲಿಂದ ನೇರವಾಗಿ ಅಂಗಡಿಗೆ ಹೋಗಿ, ಮೊದಲು ಬಂದ ಗಿರಾಕಿಗೇ ಹೇಳಿದಳು. ಆ ಗಿರಾಕಿ ಐಲೀನ್.

ಈಗ ಊರು ನೆವಿಲ್‌ನನ್ನು ಗೌರವದಿಂದ ನೋಡತೊಡಗಿತು. ಕೆಂಪು ಕೂದಲಿನವಳ ಕಾಲದ ಗೌರವ ಹಗುರವಾಗಿತ್ತು, ಇದು ಭಾರ. ಮುದುಕಿಯರು ರಸ್ತೆಯಲ್ಲಿ ನಿಲ್ಲಿಸಿ ಅವನ ಕೈ ಹಿಡಿದುಕೊಂಡರು. "ನಮ್ಮ ಅಳಿಯ ಇದಾನೆ, ನಾನು ಬದುಕಿರೋವಾಗ್ಲೇ ಒಂದು ಹಾಡು ಹಾಡಲ್ಲ," ಎಂದಳು ಒಬ್ಬಳು ಕಣ್ಣೊರೆಸಿಕೊಂಡು. ನೆವಿಲ್ ನೆಲ ನೋಡಿದ. ಆ ವಾರ ಅವನು ನೆಲ ನೋಡಿದಷ್ಟು ಮುಲ್ಲಬಾರಿನ ರಸ್ತೆಗಳನ್ನು ಯಾವ ಎಂಜಿನಿಯರೂ ನೋಡಿರಲಾರ.

ಕೊರಾಲಿಗೆ ಇನ್ನೊಂದು ಚಿಂತೆಯಿತ್ತು. ಹಬ್ಬದ ರಜೆಯಲ್ಲಿ ತಪ್ಪು ಮಾಡಿದರೆ ಲೈಸೆನ್ಸಿನ ಅಂಕಗಳು ಎರಡರಷ್ಟು ಹೋಗುತ್ತವೆ. ನೆವಿಲ್ ಮೊದಲೇ ಕೆಲವನ್ನು ಕಳೆದುಕೊಂಡಿದ್ದ. ಅದು ಅಧ್ಯಕ್ಷನಾಗುವ ಮುಂಚಿನ ಮಾತು ಎಂದು ಅವನು ಯಾವಾಗಲೂ ಸ್ಪಷ್ಟಪಡಿಸುತ್ತಾನೆ. ಈ ಸಲ ಲೈಸೆನ್ಸೇ ಹೋಗುತ್ತಿತ್ತು. ಬ್ರೆಡ್ಡಿನ ವ್ಯಾನು ಓಡಿಸುವವರಿಲ್ಲದೆ ಬೇಕರಿಯ ಬಾಗಿಲು ಅರ್ಧ ಮುಚ್ಚುತ್ತಿತ್ತು. ಅವಳು ಮರುಪರಿಶೀಲನೆಗೆ ಬರೆದಳು. ಅಷ್ಟೇ ಅಲ್ಲ, ಊರಿನ ಸಭಾಭವನದಲ್ಲಿ ಸಭೆ ಕರೆದಳು. ಒಬ್ಬ ಪ್ರಾಮಾಣಿಕನನ್ನು ಯಂತ್ರ ಕಳ್ಳನನ್ನಾಗಿ ಮಾಡಿದ್ದು ಹೇಗೆಂದು ಜನರೇ ನೋಡಲಿ ಎಂಬುದು ಅವಳ ಉದ್ದೇಶ.

ಪ್ರಾಮಾಣಿಕನು ಹಿಂಬಾಗಿಲಿಂದ ಪೊಲೀಸ್ ಠಾಣೆಗೆ ಹೋದ.

"ಪ್ರೂ, ನಾನು ತಪ್ಪೊಪ್ಕೋತೀನಿ," ಎಂದ ಸಾರ್ಜೆಂಟ್ ಪ್ರೂ ಲ್ಯಾಟಿಮೋರ್‌ಗೆ. "ದಂಡ ಕಟ್ತೀನಿ. ಲೈಸೆನ್ಸ್ ತಗೊ. ಬೇಕಾದ್ರೆ ಕೈಕೋಳ ಹಾಕು. ಮರುಪರಿಶೀಲನೆ ಮಾತ್ರ ಬೇಡ."

ಪ್ರೂ ಚಹಾ ಲೋಟ ಕೆಳಗಿಟ್ಟಳು. "ಏನ್ ನೆವ್, ಇಷ್ಟು ವರ್ಷದ ನೌಕರೀಲಿ ನನ್ನ ಹತ್ರ ಬಂದೋರೆಲ್ಲ ನಾನು ಮಾಡಿಲ್ಲ ಅಂದೋರೇ. ನನ್ನದೇ ತಪ್ಪು ಅಂತ ಬೇಡಿಕೊಂಡೋನು ನೀನೇ ಮೊದಲು. ಕೂತ್ಕೊ. ಬಿಸಿಲು ಹೊಡೀತಾ?"

"ಅದು ಫೋನು ಪ್ರೂ. ಬರೆದುಕೋ."

"ಸಿಡ್ನಿಯೋರು ಆಗ್ಲೇ ದೊಡ್ಡ ಚಿತ್ರ ಕಳಿಸ್ತೀವಿ ಅಂದಿದಾರೆ. ಯಂತ್ರ ಗುರುತು ಹಾಕಿದ್ದನ್ನ ಅಲ್ಲಿ ಒಬ್ಬ ಮನುಷ್ಯ ಕೂತು ಇನ್ನೊಂದು ಸಲ ನೋಡ್ತಾನೆ. ನೀನು ನಿರಪರಾಧಿ ಆದ್ರೆ ಬಿಡಿಸೇ ಬಿಡಿಸ್ತಾರೆ, ಧೈರ್ಯವಾಗಿರು."

ನೆವಿಲ್ ಧೈರ್ಯವನ್ನು ಅಲ್ಲೇ ಬಿಟ್ಟು ಎದ್ದು ಬಂದ.

ಸಭೆಯ ದಿನ ಭವನ ತುಂಬಿತ್ತು. ಕೊರಾಲಿ ತಟ್ಟೆಗಟ್ಟಲೆ ದುಂಡು ಪೈ ತಂದು ಮೇಜಿನ ಮೇಲಿಟ್ಟಿದ್ದಳು. ಎಲ್ಲರೂ ಒಂದೊಂದು ತೆಗೆದುಕೊಂಡು, ಎಲ್ಲರೂ "ಆಮೇಲೆ ತಿಂತೀನಿ" ಎಂದು ಕುರ್ಚಿಯ ಕೆಳಗೆ ಇಟ್ಟುಕೊಂಡರು. ಅವಳು ವೇದಿಕೆ ಹತ್ತಿ, ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಂದು ಹಳೆಯ ಮೌತ್ ಆರ್ಗನ್ನನ್ನು ಎತ್ತಿ ಹಿಡಿದಳು.

"ಕಪಾಟಿನ ಮೇಲಿತ್ತು. ಅಪ್ಪನದು. ಯಂತ್ರ ಇದನ್ನ ಫೋನು ಅಂತು! ನೆವಿಲ್, ಅಪ್ಪನಿಗೆ ಏನು ಬಾರಿಸಿದ್ಯೋ ಅದನ್ನೇ ಇವರಿಗೂ ಬಾರಿಸು."

ನೆವಿಲ್ ಹುಟ್ಟಿದಾರಭ್ಯ ಅದನ್ನು ಬಾಯಿಗಿಟ್ಟವನಲ್ಲ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಊದಿದ. ಕರು ಹಾಕಲಾರದೆ ಒದ್ದಾಡುವ ಹಸುವಿನ ಸದ್ದು ಬಂತು. ಜೊತೆಗೆ ಬಹುಕಾಲದ ಧೂಳೂ ಹೊರಬಂತು.

"ದುಃಖ ಜಾಸ್ತಿಯಾದಾಗ ಹೀಗೇ ಆಗತ್ತೆ," ಎಂದಳು ಐಲೀನ್ ಮೂಗು ಸೀಟಿ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನೆವಿಲ್‌ನ ಕಿವಿಗಳು ಕೆಂಡವಾದವು. ಈಗ ಈ ನೆಲ ಬಿರಿದು ತನ್ನನ್ನು ನುಂಗಿದರೆ, ಸಮಿತಿಯ ಕಡೆಯಿಂದ ಅದಕ್ಕೊಂದು ಧನ್ಯವಾದ ಸಲ್ಲಿಸಬಹುದಿತ್ತು.

ನುಂಗಲಿಲ್ಲ. ಬದಲಿಗೆ ಸಾರ್ಜೆಂಟ್ ಪ್ರೂ ಎದ್ದು ನಿಂತಳು. "ಒಳ್ಳೇ ಸುದ್ದಿ. ಸಿಡ್ನಿಯೋರು ಕೇಸು ವಾಪಸ್ ತಗೊಂಡಿದಾರೆ. ಅದು ಫೋನ್ ಅಲ್ಲ ಅಂತ ಖಚಿತ ಆಗಿದೆ."

ಕೊರಾಲಿ ಗಂಡನ ಕೈ ಹಿಡಿದು ಮೇಲಕ್ಕೆತ್ತಿದಳು, ಕುಸ್ತಿ ಗೆದ್ದವನ ಕೈ ಎತ್ತುವಂತೆ. ಜನ ಕೂಗಿದರು. ಆ ಕೂಗಿನಲ್ಲೇ ಪ್ರೂ ಮುಂದುವರಿಸಿದಳು: "ಅದು ತಿನ್ನೋ ಪದಾರ್ಥದ ಹಾಗೆ ಕಾಣತ್ತೆ ಅಂದಿದಾರೆ."

"ತಿನ್ನೋದಾ?" ಕೊರಾಲಿ ನಕ್ಕಳು. "ಹಾಗಾದ್ರೆ ಆ ಮನುಷ್ಯನಿಗೂ ಕಣ್ಣಿಲ್ಲ. ತೋರಿಸು ಪ್ರೂ, ದೊಡ್ಡದಾಗಿ ತೋರಿಸು, ಎಲ್ಲರೂ ನೋಡ್ಲಿ."

"ಬೇಡ," ಎಂದ ನೆವಿಲ್. ಯಾರಿಗೂ ಕೇಳಿಸಲಿಲ್ಲ.

ಗೋಡೆಯ ಮೇಲೆ ಚಿತ್ರ ಬಿತ್ತು. ಪ್ರೂ ಅದನ್ನು ಹಿಗ್ಗಿಸಿದಳು. ಬೋಳುತಲೆ ಗೋಡೆಯಾಚೆ ಹೋಯಿತು, ಹೊಟ್ಟೆ ನೆಲದೊಳಗೆ ಇಳಿಯಿತು. ಉಳಿದದ್ದು ಬಾಯಿ, ಬಾಯ ಮುಂದೆ ಬಾಗಿಲಿನಷ್ಟು ದೊಡ್ಡ ಚೌಕ. ಅದರ ಒಂದು ಮೂಲೆ ಇರಲಿಲ್ಲ. ಇರಬೇಕಾದ ಜಾಗದಲ್ಲಿ ಹಲ್ಲಿನ ಗುರುತಿತ್ತು. ಅದರಿಂದ ಹಬೆ ಏಳುತ್ತಿತ್ತು.

ಬ್ರಾಮ್, ಒಗಟು ಬಿಡಿಸಿದ ಸಂತೋಷದಲ್ಲಿ, ಗಟ್ಟಿಯಾಗಿ ಹೇಳಿಬಿಟ್ಟ: "ಅಯ್ಯೋ, ಅದು ಟ್ಯಾಲೋವಿ ಪೈ! ಪೆಪ್ಪರ್ ಹಾಕಿದ್ದು!"

"ಪೆಪ್ಪರ್ ಅಲ್ಲ," ಎಂದಳು ಐಲೀನ್. "ಪೆಪ್ಪರ್‌ನದಕ್ಕೆ ಮುಚ್ಚಳದ ಮೇಲೆ ಎರಡು ಗೀರು ಇರತ್ತೆ. ಇದು ಚೀಸಿನದು."

"ಚೀಸಿನದಾದ್ರೆ ಮೇಲೆ ಎಳ್ಳು ಹಾಕಿರ್ತಾಳೆ ಲಿಯೆನ್," ಎಂದರು ಚರ್ಚಿನ ಪಾದ್ರಿಗಳು ಮೂರನೆಯ ಸಾಲಿನಿಂದ, ಬೈಬಲ್ಲಿನ ವಿಷಯದಲ್ಲೂ ತೋರಿಸದ ಖಚಿತತೆಯಿಂದ.

"ಎಳ್ಳು ಹಾಕೋದು ಶುಕ್ರವಾರ ಮಾತ್ರ, ಫಾದರ್," ಎಂದಳು ಸಾರ್ಜೆಂಟ್ ಪ್ರೂ. ಹೇಳಿದ ಮೇಲೆ ಟೋಪಿ ತೆಗೆದು ಅದರ ಒಳಭಾಗವನ್ನು ಪರೀಕ್ಷಿಸತೊಡಗಿದಳು.

ಆಗ ಎಲ್ಲರಿಗೂ ಒಟ್ಟಿಗೇ ಅರಿವಾಯಿತು. ಭವನದಲ್ಲಿದ್ದ ಕತ್ತುಗಳೆಲ್ಲ ಒಂದೇ ಸಲ ಬಗ್ಗಿದವು. ಪ್ರತಿಯೊಬ್ಬರೂ ಕುರ್ಚಿಯ ಕೆಳಗಿಟ್ಟ ದುಂಡು ಪೈಯನ್ನು ಹುಡುಕುವವರಂತೆ ನಟಿಸಿದರು.

ಕೊರಾಲಿ ಯಾರನ್ನೂ ನೋಡಲಿಲ್ಲ. ಗೋಡೆಯ ಹತ್ತಿರ ಹೋಗಿ ಆ ಚೌಕದ ಕೆಳಗೆ ನಿಂತು ತಲೆಯೆತ್ತಿದಳು. ಬಹಳ ಹೊತ್ತು ನೋಡಿದಳು.

"ಓರೆಯಾಗಿ ಹಿಡಿದಿದೀಯ," ಎಂದಳು ಕೊನೆಗೆ, ಬೆನ್ನು ತಿರುಗಿಸದೆ. "ಆದ್ರೂ ಗೊಜ್ಜು ಸೋರ್ತಿಲ್ಲ."

"ಸೋರಲ್ಲ," ಎಂದ ನೆವಿಲ್ ಪಿಸುದನಿಯಲ್ಲಿ.

"ಕೆಂಪು ಕೂದಲಿನೋಳೇ ಇದ್ದಿದ್ರೆ ಚೆನ್ನಾಗಿತ್ತು," ಎಂದು ಕೊರಾಲಿ ಮೌತ್ ಆರ್ಗನ್ನನ್ನು ಅವನ ಕೈಯಿಂದ ಕಿತ್ತುಕೊಂಡು ಒಬ್ಬಳೇ ನಡೆದುಹೋದಳು.

ಮಾರನೆಯ ಬೆಳಿಗ್ಗೆ ಬೇಕರಿಯ ಮುಂದೆ ಹಿಂದೆಂದೂ ಇಲ್ಲದ ಸಾಲು. ಪಾದ್ರಿಗಳು, ಐಲೀನ್, ಸಮವಸ್ತ್ರದಲ್ಲಿ ಪ್ರೂ, ಬೌಲಿಂಗ್ ಕ್ಲಬ್ಬಿನವರು, ಎಲ್ಲರೂ ಸಾವಿನ ಮನೆಗೆ ಬಂದವರಂತೆ ಮೆಲ್ಲಗೆ ಮಾತಾಡುತ್ತ ನಿಂತಿದ್ದರು. "ಎರಡು ಕೊಡು ಕೊರಾಲಿ. ನಾಲ್ಕೇ ಕೊಡು. ಮನೆಗೆ ಕಟ್ಟಿಕೊಡು," ಎಂದ ಬ್ರಾಮ್.

"ಕಟ್ಟಿಕೊಡಲ್ಲ," ಎಂದಳು ಕೊರಾಲಿ. ಅವಳ ಕಣ್ಣು ಊದಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಇಲ್ಲೇ ತಿನ್ನು. ನನ್ನೆದುರಿಗೆ."

ಅವರು ತಿಂದರು. ಅಂಗಡಿಯೊಳಗೆ ಒಬ್ಬೊಬ್ಬರ ಅಂಗಿಯ ಮೇಲೂ ಗೊಜ್ಜು ಇಳಿಯಿತು. ಪಾದ್ರಿಗಳ ಬಿಳಿಯ ಕಾಲರ್ ಬಣ್ಣ ಬದಲಿಸಿತು. "ಆಹಾ," ಎಂದರು ಅವರು. "ಬೊಂಬಾಟ್," ಎಂದಳು ಪ್ರೂ. "ಇದರ ಮುಂದೆ ಬೇರೆ ಯಾವುದಿದೆ ಹೇಳು," ಎಂದಳು ಐಲೀನ್, ಮೊಣಕೈ ಒರೆಸಿಕೊಳ್ಳುತ್ತ. ಕೊರಾಲಿ ಒಬ್ಬೊಬ್ಬರ ಬಾಯನ್ನೂ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಸಾಲಿನ ಕೊನೆಯಲ್ಲಿ ನೆವಿಲ್ ನಿಂತಿದ್ದ. ರಾತ್ರಿಯೆಲ್ಲ ಹಿಟ್ಟಿನ ಚೀಲಗಳ ಮೇಲೆ ಮಲಗಿದ್ದರಿಂದ ಅವನು ಒಂದು ಬದಿ ಪೂರ್ತಿ ಬೆಳ್ಳಗಿದ್ದ. ಅವಳು ಅವನ ಕೈಗೂ ಒಂದು ಪೈ ಇಟ್ಟಳು. ಅವನು ಕಚ್ಚಿದ, ಅಗಿದ, ನುಂಗಿದ.

"ಹೇಗಿದೆ?"

ಮದುವೆಯಾದಾಗಿನಿಂದ ಈ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಒಂದೇ. ಅದು ನಾಲಿಗೆಯ ತುದಿವರೆಗೂ ಬಂತು. ಊದಿಕೊಂಡ ಅವಳ ಕಣ್ಣನ್ನು ನೋಡಿದ ಮೇಲೆ ಹೊರಗೆ ಬರಲಿಲ್ಲ.

"ಉಪ್ಪು ಸಾಲದು," ಎಂದ. "ಗೊಜ್ಜು ನೀರು. ತಳ ಹಸಿ."

ಯಾರದೋ ಕೈಯಿಂದ ಪೈ ಕೆಳಗೆ ಬಿತ್ತು.

"ಯಾವಾಗಿಂದ?" ಎಂದಳು ಕೊರಾಲಿ.

ಇಲ್ಲಿಯವರೆಗೆ ಬಂದ ಮೇಲೆ ಇನ್ನು ಉಳಿಸಿಕೊಳ್ಳುವುದೇನಿತ್ತು? "ನಿಮ್ಮಪ್ಪನ ಕಾಲದಿಂದ," ಎಂದ ನೆವಿಲ್, ಕಣ್ಣು ಮುಚ್ಚಿಕೊಂಡು.

ಹೊಡೆತ ಬೀಳಲಿಲ್ಲ. ಕಣ್ಣು ತೆರೆದಾಗ ಕೊರಾಲಿ ಗಲ್ಲೆಯ ಮೇಲಿನ ದುಂಡು ಪೈಗಳನ್ನೇ ನೋಡುತ್ತಿದ್ದಳು, ಪರಿಚಯದವರ ಮುಖದಲ್ಲಿ ಮೊದಲ ಸಲ ಒಂದು ಹುಳುಕು ಕಂಡವಳಂತೆ. ಒಂದನ್ನೆತ್ತಿ ತಾನೇ ಕಚ್ಚಿದಳು. ಗೊಜ್ಜು ಅವಳ ಮುಂಗೈ ಮೇಲೆ ಹರಿಯಿತು. ಅದನ್ನು ನೋಡಿದಳು. ಏಪ್ರನ್ ಬಿಚ್ಚಿ ಕೈಯೊರೆಸಿ, ಗಲ್ಲೆಯ ಮೇಲಿಟ್ಟಳು.

"ಕಾರು ತೆಗಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ನನ್ನ ಕೇಳ್ತೀಯಾ? ದಾರಿ ಗೊತ್ತಿರೋನು ನೀನು."

ನೆವಿಲ್ ಮುಖವೆಲ್ಲ ಉರಿಯುತ್ತ ಬೀಗದ ಕೈ ಹುಡುಕಿದ. ಕೊರಾಲಿ ತಲೆ ಎತ್ತಿ ಹೊರಗೆ ನಡೆದಳು. ಅರ್ಧ ತಿಂದ ದುಂಡು ಪೈಗಳನ್ನು ಹಿಡಿದು ನಿಂತ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಅವನ್ನು ಕೆಳಗಿಡುವ ಧೈರ್ಯ ಯಾರಿಗೂ ಇರಲಿಲ್ಲ, ಮುಗಿಸುವ ಧೈರ್ಯವೂ ಇರಲಿಲ್ಲ. ಐಲೀನಳ ಬಾಯಿ ಮಾತ್ರ 'ನನಗೂ ಒಂದು' ಎನ್ನಲು ಅರ್ಧ ತೆರೆಯಿತು. ಕೊರಾಲಿ ತಿರುಗಿ ನೋಡಿದ್ದರಿಂದ ಬಹಳ ಕಷ್ಟಪಟ್ಟು ಅದನ್ನು ಕೆಮ್ಮಾಗಿ ಬದಲಿಸಿತು.